ಹಾಡು ಕೇಳಿಸಲು ಲಿನಕ್ಸ್ ಪಟ್ಟ ಪಾಡು



ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸಿನ ಬದಲು ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯನ್ನು ಹಾಕಿಸಿಕೊಂಡವರು ಮೊದಲ ದಿನ ದೊಡ್ಡ ದೊಡ್ಡ ಪ್ರಶ್ನೆಗಳನ್ನೇನೂ ಕೇಳುವುದಿಲ್ಲ. ಹಾಡು ಬರುತ್ತದೆಯೇ, ವೈಫೈ ಸಿಗುತ್ತದೆಯೇ, ಪ್ರಿಂಟರ್ ಓಡುತ್ತದೆಯೇ? ಇಷ್ಟೇ. ಈಗ ಬಹುಪಾಲು ಯಂತ್ರಗಳಲ್ಲಿ ಇದಕ್ಕೆಲ್ಲ ಹೌದು ಎನ್ನಬಹುದು. ಹಾಗೆ ಧೈರ್ಯವಾಗಿ ಹೇಳಲು ಸುಮಾರು ಮೂವತ್ತು ವರ್ಷ ಹಿಡಿಯಿತು. ಲಿನಕ್ಸ್ ಬರೆದವರಿಗೆ ಜಾಣ್ಮೆ ಸಾಲದೆ ತಡವಾಯಿತು ಎಂದು ಕೆಲವರು ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಯಂತ್ರದ ಒಳಗುಟ್ಟನ್ನು ತಯಾರಕರು ಅವರಿಗೆ ಬಿಟ್ಟುಕೊಡಲಿಲ್ಲ, ಅದೇ ದೊಡ್ಡ ಕಾರಣ.

ಲಿನಕ್ಸ್ ಸೇರಿದ, ಯಾರು ಬೇಕಾದರೂ ಓದಿ ತಿದ್ದಬಹುದಾದ ಮುಕ್ತ ತಂತ್ರಾಂಶದ ಕಥೆ ಶುರುವಾಗುವುದೇ ಒಂದು ಪ್ರಿಂಟರಿನಿಂದ. 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಅದರಲ್ಲಿ ಆಗಾಗ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಹಿಂದಿನ ಪ್ರಿಂಟರಿಗೂ ಅದೇ ಚಾಳಿಯಿತ್ತು. ಆದರೆ ಅಲ್ಲಿದ್ದ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಅದರ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡ ಕೂಡಲೇ ಕಾದು ಕುಳಿತವರಿಗೆ ಸುದ್ದಿ ಹೋಗುವಂತೆ ಮಾಡಿದ್ದರು. ಹೊಸದರ ಸೋರ್ಸ್ ಕೋಡ್, ಅಂದರೆ ತಿದ್ದಲು ಬೇಕಾದ ಮೂಲ ಬರಹ, ಅವರಿಗೆ ಸಿಗಲಿಲ್ಲ. ಅದನ್ನು ಇಟ್ಟುಕೊಂಡಿದ್ದವರು ಗುಟ್ಟು ಬಿಡುವುದಿಲ್ಲವೆಂದು ಕರಾರಿಗೆ ಸಹಿ ಹಾಕಿದ್ದರು. 1983ರಲ್ಲಿ ಸ್ಟಾಲ್‌ಮನ್ ಮುಕ್ತ ತಂತ್ರಾಂಶ ಕಟ್ಟುವ ಗ್ನೂ ಯೋಜನೆ ಸಾರಿದ್ದರ ಹಿಂದೆ ಆ ಸಿಟ್ಟೂ ಇತ್ತು.

1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಮ್ಮ 386 ಕಂಪ್ಯೂಟರಿಗಾಗಿ ಲಿನಕ್ಸ್ ಬರೆಯತೊಡಗಿದರು. ತಮ್ಮಲ್ಲಿರುವ ಬಗೆಯ ಹಾರ್ಡ್‌ಡಿಸ್ಕ್ ಬಿಟ್ಟರೆ ಬೇರೆಯದಕ್ಕೆ ಇದು ಒಗ್ಗುವುದು ಅನುಮಾನ ಎಂದು ಮೊದಲೇ ಹೇಳಿಕೊಂಡಿದ್ದರು. ಆಮೇಲೂ ನಡೆದದ್ದು ಅದೇ ರೀತಿ: ಯಾರ ಬಳಿ ಯಾವ ಕಾರ್ಡ್ ಇತ್ತೋ ಅವರು ಅದನ್ನು ನಡೆಸುವ ಪ್ರೋಗ್ರಾಂ, ಅಂದರೆ ಡ್ರೈವರ್, ಬರೆದರು.

ನಮ್ಮಲ್ಲಿ ಅನೇಕರಿಗೆ ಲಿನಕ್ಸ್ ಸಿಕ್ಕಿದ್ದು 1990ರ ದಶಕದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ. ಸಿಡಿ ಹಾಕಿದ ಮೇಲೆ ಶುರು ಪರೀಕ್ಷೆ. ಮಾನಿಟರಿನ ಆವರ್ತನಗಳೆಷ್ಟು ಎಂದು ನಾವೇ ತುಂಬಬೇಕು. ಲೆಕ್ಕ ತಪ್ಪಿದರೆ ಮಾನಿಟರ್ ಕೆಟ್ಟೀತು ಎಂಬ ಎಚ್ಚರಿಕೆ ಬೇರೆ! ಇಂಟರ್‌ನೆಟ್ಟಿಗೆ ಹೋಗೋಣವೆಂದರೆ ವಿನ್‌ಮೋಡೆಮ್ ಎಂಬ ಅಗ್ಗದ ಸರಕು ಅಡ್ಡ ಬರುತ್ತಿತ್ತು. ಮೋಡೆಮ್ ಮಾಡಬೇಕಾದ ಕೆಲಸದ ಬಹುಭಾಗವನ್ನು ವಿಂಡೋಸಿನ ಡ್ರೈವರಿಗೆ ವಹಿಸಿದ್ದರಿಂದ, ವಿಂಡೋಸ್ ಇಲ್ಲದೆಡೆ ಅದು ಬರೀ ತಗಡು.

ಇನ್ನು ಧ್ವನಿಯ ವಿಷಯ. ಚೆಕ್ ದೇಶದ ಯಾರೋಸ್ಲಾವ್ ಕಿಸೆಲಾ ಗ್ರೇವಿಸ್ ಅಲ್ಟ್ರಾಸೌಂಡ್ ಎಂಬ ಸೌಂಡ್ ಕಾರ್ಡಿಗಾಗಿ ಬರೆದ ಡ್ರೈವರ್ 1998ರಿಂದ ಅಲ್ಸಾ ಎಂಬ ಯೋಜನೆಯಾಗಿ ಬೆಳೆದು, 2003ರ ಕೊನೆಗೆ ಲಿನಕ್ಸಿನ ತಿರುಳಾದ ಕರ್ನೆಲ್ಲಿನ 2.6 ಆವೃತ್ತಿಯ ಭಾಗವಾಯಿತು. ಆದರೂ ಎಷ್ಟೋ ಯಂತ್ರಗಳಲ್ಲಿ ಒಂದು ಪ್ರೋಗ್ರಾಂ ಸೌಂಡ್ ಕಾರ್ಡನ್ನು ಹಿಡಿದು ಕೂತರೆ ಉಳಿದವು ಮೂಕ. ಇದನ್ನು ಸರಿಪಡಿಸಲೆಂದೇ ಬಂದ ಪಲ್ಸ್‌ಆಡಿಯೋವನ್ನು 2008ರಲ್ಲಿ ಉಬುಂಟು ಎಂಬ ಲಿನಕ್ಸ್ ರೂಪ ಅವಸರದಲ್ಲಿ ಸೇರಿಸಿಕೊಂಡಿತು. ಇದ್ದ ಸದ್ದೂ ಹೋಯಿತೆಂದು ಜನ ಬೈದರು. ಬೈಗುಳದಲ್ಲಿ ನ್ಯಾಯವಿತ್ತು. ಈಗ ಆ ಜಾಗಕ್ಕೆ ಪೈಪ್‌ವೈರ್ ಬಂದಿದೆ. 2021ರಲ್ಲಿ ಬಂದ ಫೆಡೋರಾ ಲಿನಕ್ಸಿನ 34ನೇ ಆವೃತ್ತಿ ಅದನ್ನು ಮೊದಲಿಗೇ ಕೂರಿಸಿಕೊಟ್ಟಿತು.

ಸ್ಪೀಕರ್ ಸರಿಯಿದ್ದರೂ ಹಾಡು ಬರದ ಕಾಲವೂ ಇತ್ತು. ಎಂಪಿ3ಗೆ ಪೇಟೆಂಟ್ ಇತ್ತು. ಅದಕ್ಕೆ ಹೆದರಿ 2002ರಲ್ಲಿ ರೆಡ್‌ಹ್ಯಾಟ್ ಲಿನಕ್ಸಿನ 8.0 ಆವೃತ್ತಿ ಎಂಪಿ3 ನುಡಿಸುವ ಭಾಗವನ್ನೇ ಕಿತ್ತುಹಾಕಿತು. ಹೊಸಬನಿಗೆ ಪೇಟೆಂಟಿನ ಗೊಡವೆ ಏನು ಗೊತ್ತು? ಲಿನಕ್ಸಿಗೆ ಹಾಡು ಬರುವುದಿಲ್ಲ ಎಂದು ವಿಂಡೋಸಿಗೆ ಮರಳಿದ. ಡಿವಿಡಿಯದು ಇನ್ನೂ ಬಿಗಿ. ಸಿನಿಮಾ ಡಿಸ್ಕುಗಳಿಗೆ ಹಾಕಿದ್ದ ಬೀಗವನ್ನು ಬಿಚ್ಚುವ ಡಿಸಿಎಸ್‌ಎಸ್ ಎಂಬ ಪ್ರೋಗ್ರಾಂ 1999ರಲ್ಲಿ ಹೊರಬಂತು. ಅದಕ್ಕಾಗಿ ನಾರ್ವೆಯ ಹದಿಹರೆಯದ ಹುಡುಗ ಯಾನ್ ಯೋಹಾನ್ಸನ್ ಕಟಕಟೆ ಹತ್ತಬೇಕಾಯಿತು. ಕಾಸು ಕೊಟ್ಟು ಕೊಂಡ ಡಿಸ್ಕನ್ನು ತನ್ನ ಕಂಪ್ಯೂಟರಿನಲ್ಲಿ ನೋಡಿದರೆ ಅಪರಾಧವೇ? ಅಲ್ಲ ಎಂದು ಕೆಳ ನ್ಯಾಯಾಲಯವೂ ಮೇಲ್ಮನವಿಯ ನ್ಯಾಯಾಲಯವೂ 2003ರಲ್ಲೇ ಅವನನ್ನು ಬಿಟ್ಟವು. ಪ್ಯಾರಿಸ್ಸಿನ ವಿದ್ಯಾರ್ಥಿಗಳು ಕಟ್ಟಿದ ವಿಎಲ್‌ಸಿ ಎಂಬ ಪ್ಲೇಯರ್ ಸಿಕ್ಕಿದ್ದನ್ನೆಲ್ಲ ನುಡಿಸಿ ಅನೇಕರ ಮಾನ ಕಾಪಾಡಿತು. ಎಂಪಿ3ಯ ಪರವಾನಗಿ ವ್ಯವಹಾರ ಮುಗಿದದ್ದು 2017ರಲ್ಲಿ.

ಹೊಸಬರ ಕಷ್ಟವನ್ನು ಮೊದಲು ಮನಗಂಡವರಲ್ಲಿ ಜರ್ಮನಿಯ ಕ್ಲಾಸ್ ಕ್ನಾಪರ್ ಒಬ್ಬರು. 2000ದಲ್ಲಿ ಬಂದ ಅವರ ಕ್ನಾಪಿಕ್ಸ್ ಎಂಬ ಲಿನಕ್ಸ್, ಹಾರ್ಡ್‌ಡಿಸ್ಕನ್ನು ಮುಟ್ಟದೆ ಸಿಡಿಯಿಂದಲೇ ಏಳುತ್ತಿತ್ತು. ಯಂತ್ರದಲ್ಲಿ ಏನೇನಿದೆ ಎಂದು ತಾನೇ ಪತ್ತೆಹಚ್ಚುತ್ತಿತ್ತು. 2004ರಲ್ಲಿ ಹುಟ್ಟಿದ ಉಬುಂಟು ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿತ್ತು, 2011ರವರೆಗೂ.

ಗುಟ್ಟು ಕಾಯ್ದ ಕಂಪನಿಗಳೂ ಮೆತ್ತಗಾದವು. ವೈಫೈ ಚಿಪ್ ಮಾಡುವ ಬ್ರಾಡ್‌ಕಾಮ್ 2010ರಲ್ಲಿ ಮುಕ್ತ ಡ್ರೈವರ್ ಕೊಟ್ಟಿತು. 2012ರಲ್ಲಿ ಟೊರ್ವಾಲ್ಡ್ಸ್ ವೇದಿಕೆಯ ಮೇಲೇ ಬೆರಳೆತ್ತಿ ಬೈದಿದ್ದ, ಗ್ರಾಫಿಕ್ಸ್ ಚಿಪ್ ಮಾಡುವ ಎನ್ವಿಡಿಯಾ, ಹತ್ತು ವರ್ಷದ ಬಳಿಕ ಕರ್ನೆಲ್ಲಿನೊಳಗೆ ಓಡುವ ತನ್ನ ಡ್ರೈವರ್ ಭಾಗವನ್ನು ಬಯಲಿಗಿಟ್ಟಿತು.

ಎಲ್ಲವೂ ಸರಿಹೋಗಿದೆ ಎನ್ನಲಾರೆ. ಕೆಲವು ಬೆರಳಚ್ಚು ಓದುವ ಸಾಧನಗಳು, ಕೆಲವು ಹೊಸ ಲ್ಯಾಪ್‌ಟಾಪುಗಳ ಕ್ಯಾಮೆರಾಗಳು ಇನ್ನೂ ಸತಾಯಿಸುತ್ತವೆ. ಆದ್ದರಿಂದ ಲಿನಕ್ಸ್ ಹಾಕಿಸುವ ಮನಸ್ಸಿದ್ದವರು ಮೊದಲು ಅದನ್ನು ಪೆನ್‌ಡ್ರೈವಿಗೆ ಬರೆಸಿ, ಅಲ್ಲಿಂದಲೇ ಓಡಿಸಿ ನೋಡಿ. ಒಂದು ಹಾಡು ಹಾಕಿ, ವೀಡಿಯೋ ನೋಡಿ, ವೈಫೈ ಜೋಡಿಸಿ, ಒಂದು ಹಾಳೆ ಪ್ರಿಂಟ್ ತೆಗೆಯಿರಿ, ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಏಳುತ್ತದೆಯೇ ನೋಡಿ. ಇಷ್ಟೂ ನಡೆದರೆ ಮಾತ್ರ ಹಾರ್ಡ್‌ಡಿಸ್ಕಿಗೆ ಕೈ ಹಾಕಿ.