ನೆಲಕ್ಕೆ ಒಪ್ಪುವ ಯಾತ್ರಿಕಗೃಹ
(ಮಹೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಬೆಟ್ಟ, ಜಲಪಾತ, ಕಡಲತಡಿ ಮೊದಲಾದ ಬೆರಗಿನ ಸ್ಥಳಗಳನ್ನು ನೋಡಲು ಜನರು ತಂಡತಂಡವಾಗಿ ಹೊರಡುವ ಕಾಲವಿದು. ಹೋದವರಿಗೆ ನೆರಳು ಬೇಕು, ಕುಡಿಯುವ ನೀರು ಬೇಕು, ಶೌಚಗೃಹ ಬೇಕು, ಗಾಡಿಗಳನ್ನು ನಿಲ್ಲಿಸುವ ಬಯಲು ಬೇಕು, ಸ್ಥಳದ ವೃತ್ತಾಂತವನ್ನು ತಿಳಿಯಹೇಳುವವರೂ ಬೇಕು. ಇವೆಲ್ಲವನ್ನೂ ಒದಗಿಸಲೆಂದು ಕಟ್ಟಿದ ಮನೆಯೇ ನೋಡಬಂದ ವಸ್ತುವಿಗೆ ಅಡ್ಡವಾಗಿ ನಿಂತರೆ ಗತಿಯೇನು? ನಮ್ಮ ಶಿಲ್ಪಗ್ರಂಥಗಳಲ್ಲಿ ಭೂಪರೀಕ್ಷೆಯ ವಿಚಾರ ಬಂದೇ ಬರುವುದು. ಮಯಮತದಲ್ಲಿ ಅದಕ್ಕೆ ಒಂದು ಅಧ್ಯಾಯವೇ ಉಂಟು. ಈ ನೆಲವು ಮನೆಗೆ ತಕ್ಕುದೇ ಎಂಬುದು ಅಲ್ಲಿಯ ಪ್ರಶ್ನೆ. ನಾನು ಈಹೊತ್ತು ಎತ್ತಿರುವುದು ಅದರ ಮಗ್ಗುಲನ್ನು ತಿರುವಿದ ಪ್ರಶ್ನೆ: ಈ ಮನೆಯು ನೆಲಕ್ಕೆ ತಕ್ಕುದೇ?

ಇದಕ್ಕೆ ದೂರದೇಶದ ಒಂದು ದೃಷ್ಟಾಂತವನ್ನು ತೆಗೆದುಕೊಳ್ಳುವೆನು. ಉತ್ತರ ಐರ್ಲೆಂಡಿನ ಆಂಟ್ರಿಮ್ ಪ್ರಾಂತದಲ್ಲಿ, ಬುಶ್‌ಮಿಲ್ಸ್ ಎಂಬ ಊರಿನ ಬಳಿಯ ಕಡಲಂಚಿನಲ್ಲಿ, ಜಾಯಂಟ್ಸ್ ಕಾಸ್‌ವೇ, ಅಂದರೆ ದೈತ್ಯನ ಸೇತುವೆ, ಎಂಬ ಸ್ಥಳವಿರುವುದು. ಬಸಾಲ್ಟ್ ಎಂಬ ಕರಿಗಲ್ಲಿನ ಸುಮಾರು 40,000 ಕಂಬಗಳು ಒಂದಕ್ಕೊಂದು ಒತ್ತಿಕೊಂಡು ಕಡಲೊಳಕ್ಕೆ ಇಳಿದಿರುವುವು. ಹೆಚ್ಚಿನವು ಆರು ಮೂಲೆಯವು. ಐದು, ಏಳು ಮೂಲೆಯವೂ ಉಂಟು. ಸುಮಾರು 6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿದ ಲಾವಾರಸವು ಆರುತ್ತ ಕುಗ್ಗಿತು, ಕುಗ್ಗುತ್ತ ಬಿರಿಯಿತು. ಬೇಸಗೆಯಲ್ಲಿ ಬತ್ತಿದ ಕೆರೆಯಂಗಳದ ಕೆಸರು ಬಿರಿಯುವುದನ್ನು ಯಾರು ಕಂಡಿಲ್ಲ? ಕೆಸರಿನಲ್ಲಿ ಬಿರುಕು ಗೇಣುದ್ದಕ್ಕೆ ನಿಲ್ಲುವುದು. ಅಲ್ಲಿಯಾದರೋ ತಂಪು ಒಳಒಳಕ್ಕೆ ಇಳಿದ ಹಾಗೆಲ್ಲ ಬಿರುಕೂ ಅದನ್ನೇ ಹಿಂಬಾಲಿಸಿ, ಕಂಬಗಳನ್ನೇ ಕಡೆದಿಟ್ಟಂತಾಯಿತು. ಆ ಸೀಮೆಯ ಜನರು ಹೇಳುವ ಕಥೆ ಬೇರೆ. ಫಿನ್ ಮೆಕೂಲ್ ಎಂಬ ದೈತ್ಯನು ಎದುರುದಡದ ಸ್ಕಾಟ್ಲೆಂಡಿನ ದೈತ್ಯನೊಡನೆ ಕಾದಲು ಈ ದಾರಿಯನ್ನು ಹಾಸಿದನಂತೆ. ಆ ದಡದ ಸ್ಟಾಫಾ ಎಂಬ ದ್ವೀಪದಲ್ಲಿಯೂ ಇಂಥವೇ ಕಂಬಗಳಿರುವುದರಿಂದ ಕಥೆಗೆ ಪುಷ್ಟಿ ದೊರೆಯಿತು. ಸೇತುಬಂಧದ ಕಥೆಯನ್ನು ಕೇಳಿ ಬೆಳೆದ ನಾವು ಇದಕ್ಕೆ ನಗಬೇಕಾದುದಿಲ್ಲ.

1986ರಲ್ಲಿ ಈ ಸ್ಥಳವು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅಲ್ಲಿದ್ದ ಹಿಂದಿನ ಯಾತ್ರಿಕಗೃಹವು 2000ನೆಯ ಇಸವಿಯಲ್ಲಿ ಬೆಂಕಿಗೆ ತುತ್ತಾಯಿತು. ಹೊಸದನ್ನು ಯಾರು ಕಟ್ಟಬೇಕು, ಖಾಸಗಿಯವರೋ ಸಾರ್ವಜನಿಕ ಸಂಸ್ಥೆಯೋ ಎಂಬ ವಿವಾದದಲ್ಲಿ ವರ್ಷಗಳು ಉರುಳಿದುವು. ಕೊನೆಗೆ ನ್ಯಾಶನಲ್ ಟ್ರಸ್ಟ್ ಎಂಬ ಧರ್ಮದರ್ಶಿ ಸಂಸ್ಥೆಯವರು, ಡಬ್ಲಿನ್ ನಗರದ ಹೆನೆಗನ್ ಪೆಂಗ್ ಎಂಬ ವಾಸ್ತುಶಿಲ್ಪಿಗಳ ನಕ್ಷೆಯಂತೆ, 1 ಕೋಟಿ 85 ಲಕ್ಷ ಪೌಂಡುಗಳ ವೆಚ್ಚದಲ್ಲಿ ಕಟ್ಟಿಸಿದ ಗೃಹವು 2012ರ ಜುಲೈ ತಿಂಗಳಲ್ಲಿ ತೆರೆಯಲ್ಪಟ್ಟಿತು.

ಆ ಶಿಲ್ಪಿಗಳು ಮಾಡಿದ ಕೆಲಸವನ್ನು ಸ್ವಲ್ಪ ನಿಧಾನವಾಗಿ ನೋಡತಕ್ಕುದು. ಹುಲ್ಲುಹಾಸಿದ ದಿನ್ನೆಯ ಮೇಲೆ ಹಾಸಿದ ಕಂಬಳಿಗೆ ಎರಡು ಮಡಿಕೆ ಬಿದ್ದಂತೆ ಭಾವಿಸಿರಿ. ಒಂದು ಮಡಿಕೆಯನ್ನು ಮೇಲಕ್ಕೆತ್ತಿ ಅದರಡಿಯಲ್ಲಿ ಗೃಹವನ್ನಿಟ್ಟರು. ಮತ್ತೊಂದನ್ನು ಕೆಳಕ್ಕೆ ತಗ್ಗಿಸಿ ಗಾಡಿಗಳು ನಿಲ್ಲುವ ಬಯಲನ್ನು ಕಣ್ಣಿಗೆ ಬೀಳದಂತೆ ಮಾಡಿದರು. ಈ ಎರಡನೆಯದೇ ನನಗೆ ಹೆಚ್ಚಾಗಿ ಮೆಚ್ಚಾದುದು. ಕಟ್ಟಡವನ್ನು ಅಂದವಾಗಿ ಅಡಗಿಸಿ, ಅದರೆದುರಿಗೆ ನೂರು ಮೋಟಾರುಗಳ ತಗಡನ್ನು ಬಿಸಿಲಿಗೆ ಹೊಳೆಯಬಿಡುವವರೇ ಬಹಳ. ಗೃಹದ ಮಾಡಿನ ಮೇಲೆ ಹುಲ್ಲು ಬೆಳೆದಿರುವುದು. ಜನರು ಅದರ ಮೇಲೆ ನಡೆದುಹೋಗಬಹುದು. ಗೋಡೆಯ ಸ್ಥಾನದಲ್ಲಿ ಆ ಸೀಮೆಯ ಗಣಿಯಿಂದಲೇ ತೆಗೆದ ಕರಿಗಲ್ಲಿನ ನೀಳವಾದ ಕಂಬಗಳನ್ನು ನಿಲ್ಲಿಸಿ, ನಡುವೆ ಗಾಜನ್ನಿಟ್ಟಿರುವರು. ಆದರೆ ಕಡಲಂಚಿನ ಆರು ಮೂಲೆಯ ಕಂಬಗಳನ್ನು ಇವರು ಅನುಕರಿಸಲಿಲ್ಲ. ಕಲ್ಲು ಅದೇ ಕುಲದ್ದು, ರೂಪು ಮಾತ್ರ ಮನುಷ್ಯನು ಕೊಯ್ದದ್ದು. ಪ್ರಕೃತಿಯ ಕೆಲಸದ ಪಕ್ಕದಲ್ಲಿ ಅದರದೇ ಗಾರೆಯ ಪಡಿಯಚ್ಚನ್ನು ನಿಲ್ಲಿಸುವುದು ಅಣಕವಾಗುವುದೇ ಹೊರತು ಗೌರವವಾಗಲಾರದು. ಸಿಮೆಂಟಿನ ಮರದ ಬೊಡ್ಡೆಯನ್ನು ಮಾಡಿ ಅದರಲ್ಲಿ ಕಸ ಹಾಕಿಸುವ ನಮ್ಮ ಉದ್ಯಾನಗಳ ರಸಿಕತೆಯನ್ನು ಇಲ್ಲಿ ನೆನೆಯದಿರುವುದೇ ಲೇಸು.

ಇನ್ನೊಂದು ಸಂಗತಿ ಹುಲ್ಲುಮಾಡಿಗಿಂತಲೂ ಮುಖ್ಯವಾದುದು. ಆ ಗೃಹವು ಕಲ್ಲಿನ ಕಂಬಗಳ ನೆತ್ತಿಯ ಮೇಲೆ ಕುಳಿತಿಲ್ಲ. ಅಲ್ಲಿಂದ ದಡಕ್ಕೆ ಸುಮಾರು ಒಂದು ಕಿಲೋಮೀಟರು ಇಳಿದು ನಡೆಯಬೇಕು. ಗಾಜಿನೊಳಗೆ ಕುಳಿತು ಚಹಾ ಕುಡಿಯುತ್ತ ನೋಡಿ ಮುಗಿಸುವ ನೋಟವಲ್ಲ ಅದು. ಗಾಳಿ ಬೀಸುವುದು, ಮಳೆ ಹನಿಯುವುದು, ಅಲೆಯ ಸದ್ದು ಮೊದಲು ಕೇಳಿ ಕಲ್ಲು ಆಮೇಲೆ ಕಾಣುವುದು. ನಡೆಯಲಾರದವರಿಗೆ ಬಸ್ಸೂ ಇದೆ. ಅಲ್ಲದೆ, ದಡಕ್ಕೆ ಹೋಗುವ ಕಾಲುದಾರಿಯು ಸಾರ್ವಜನಿಕರದು. ಶುಲ್ಕವನ್ನು ಗೃಹಕ್ಕೆ ಮತ್ತು ಗಾಡಿ ನಿಲ್ಲಿಸುವುದಕ್ಕೆ ವಸೂಲು ಮಾಡುವರೇ ಹೊರತು ಕಲ್ಲಿನ ದರ್ಶನಕ್ಕಲ್ಲ. ಈ ಭೇದವನ್ನು ಫಲಕದಲ್ಲಿ ಇನ್ನೂ ಸ್ಪಷ್ಟವಾಗಿ ಬರೆಯಬೇಕೆಂದು ಹಲವರು ಆಕ್ಷೇಪಿಸಿದ್ದುಂಟು; ಆಕ್ಷೇಪವು ನ್ಯಾಯವಾದುದೆಂದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಮಾಡಿದರೂ ಕೆಲಸ ಮುಗಿಯಿತೆನ್ನುವಂತಿಲ್ಲ. 2017ರಲ್ಲಿ ಅಲ್ಲಿಗೆ ಬಂದವರ ಸಂಖ್ಯೆ 10 ಲಕ್ಷವನ್ನು ದಾಟಿತು. ಬಂದವರಲ್ಲಿ ಅನೇಕರು ಅದೃಷ್ಟಕ್ಕೆಂದೋ ಪ್ರೇಮದ ಗುರುತಿಗೆಂದೋ ಕಂಬಗಳ ಸಂದಿನಲ್ಲಿ ನಾಣ್ಯಗಳನ್ನು ತುರುಕತೊಡಗಿದರು. ಉಪ್ಪುಗಾಳಿಗೆ ನಾಣ್ಯವು ತುಕ್ಕು ಹಿಡಿದು ಉಬ್ಬುವುದು. ಉಬ್ಬಿದ ಲೋಹವು ಕಲ್ಲಿನ ಅಂಚನ್ನು ಚಕ್ಕೆಯೆಬ್ಬಿಸುವುದು. ತುಕ್ಕಿನ ಕಲೆಯು ಕಂಬದ ಮೇಲೆ ಹರಿಯುವುದು. ನಾಣ್ಯಗಳನ್ನು ತೆಗೆದು ಸರಿಪಡಿಸಲು 30,000 ಪೌಂಡಿಗೂ ಮಿಗಿಲಾದ ವೆಚ್ಚವಾಗುವುದೆಂದು ಹೇಳಿ, ಹೀಗೆ ಮಾಡಬೇಡಿರೆಂದು ಟ್ರಸ್ಟಿನವರು 2025ರಲ್ಲಿ ಜನರನ್ನು ಬೇಡಿಕೊಂಡರು. ಸೇತುವೆಯ ಮೇಲೆ ರೈಲು ಹಾಯುವಾಗ ಹೊಳೆಗೆ ಕಾಸೆಸೆಯುವ ನಮಗೆ ಈ ಚಾಪಲ್ಯವು ಹೊಸತಲ್ಲ. ಯಾತ್ರಿಕಗೃಹವು ತಾನು ಮರೆಯಾದರೆ ಸಾಲದು. ಅದರೊಳಗೆ ಹೊಕ್ಕು ಹೊರಟವನ ಕೈ ಕಲ್ಲಿನ ಬಳಿ ಸುಮ್ಮನಿರುವಂತೆಯೂ ಮಾಡಬೇಕು. ಕಟ್ಟುವ ಹಣದೊಳಗೆ ತಿಳಿಯಹೇಳುವವರ ಸಂಬಳವನ್ನೂ ಲೆಕ್ಕ ಹಿಡಿಯದ ನಕ್ಷೆಯು ಅರ್ಧನಕ್ಷೆ.

ಇದನ್ನು ನಮ್ಮ ಮುಂದೆ ಹೇಳುವುದಕ್ಕೆ ಕಾರಣವುಂಟು. ಉಡುಪಿಯ ಬಳಿ ಮಲ್ಪೆಯ ಎದುರಿನ ಕಡಲಲ್ಲಿ ಸೇಂಟ್ ಮೇರಿ ದ್ವೀಪಗಳಿರುವುವಷ್ಟೆ. ಅಲ್ಲಿಯೂ ಆರಿದ ಲಾವಾರಸವು ಹೀಗೆಯೇ ಬಿರಿದು ಮೂಲೆಮೂಲೆಯ ಕಂಬಗಳಾಗಿ ನಿಂತಿದೆ. ಅವುಗಳ ವಯಸ್ಸು ಸುಮಾರು 8 ಕೋಟಿ 80 ಲಕ್ಷ ವರ್ಷ, ಐರ್ಲೆಂಡಿನವಕ್ಕಿಂತ ಹಿರಿಯವು. ಮಡಗಾಸ್ಕರವು ನಮ್ಮ ನೆಲದಿಂದ ಅಗಲಿದ ಕಾಲದ ಸಾಕ್ಷಿಗಳೆಂದು ಭೂಶಾಸ್ತ್ರಜ್ಞರು ಹೇಳುವರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ. ದ್ವೀಪವು ಸಣ್ಣದು, ತಗ್ಗಾದುದು. ಅಲ್ಲಿ ಎತ್ತರಿಸಿದ ಪ್ರತಿಯೊಂದು ಗೋಡೆಯೂ ದೂರದಿಂದಲೇ ಕಾಣುವುದು. ಆದಕಾರಣ ದೊಡ್ಡ ಗೃಹವನ್ನು ಕಟ್ಟಬೇಕೆಂದು ಯಾರಿಗಾದರೂ ಮನಸ್ಸಾದರೆ, ಅದನ್ನು ಮಲ್ಪೆಯ ದಡದಲ್ಲಿಯೇ ಕಟ್ಟಲಿ. ವೃತ್ತಾಂತವನ್ನೂ ಎಚ್ಚರಿಕೆಯನ್ನೂ ದೋಣಿ ಹತ್ತುವ ಮೊದಲೇ ಹೇಳಿ ಮುಗಿಸಲಿ. ಐರ್ಲೆಂಡಿನ ದಿನ್ನೆಯಲ್ಲಿ ಆ ಒಂದು ಕಿಲೋಮೀಟರಿನ ನಡಿಗೆಯು ಮಾಡುವ ಕೆಲಸವನ್ನು ಇಲ್ಲಿ ದೋಣಿಯ ಪಯಣವೇ ಮಾಡುವುದು.