ಹಿತ್ತಲ ಕೋಳಿಗೂಡಿಗೆ ಸ್ಥಳದ ಆಯ್ಕೆ
(ಗ್ರಾಮೀಣ ಕೋಳಿ ಸಾಕಣೆ ತರಬೇತಿಯಲ್ಲಿ ಮಾಡಿದ ಭಾಷಣ)



ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳಲ್ಲಿ ಹಿತ್ತಲಲ್ಲಿ ಹತ್ತಾರು ನಾಟಿ ಕೋಳಿ ಇಲ್ಲವೆ ಗಿರಿರಾಜ ಕೋಳಿ ಸಾಕುವುದು ಹೊಸದೇನಲ್ಲ. ಮೊಟ್ಟೆ ಮಾರಿದ ಹಣ ಮನೆಯ ಹೆಣ್ಣುಮಕ್ಕಳ ಕೈ ಸೇರುತ್ತದೆ. ಆದರೆ ಹಿಂದೆ ರಾಗಿ ಹೊಲವಿದ್ದ ಎಷ್ಟೋ ಕಡೆ ಈಗ ಬಡಾವಣೆಗಳು ಎದ್ದಿವೆ. ಗೂಡು ಕಟ್ಟಿದ ಮೇಲೆ ನೆರೆಯವರ ದೂರು ಬಂದು ಅದನ್ನು ಕೀಳಬೇಕಾದರೆ, ಆ ಆದಾಯವೇ ನಿಲ್ಲುತ್ತದೆ. ಆದ್ದರಿಂದ ಸ್ಥಳವನ್ನು ಮೊದಲೇ ಯೋಚಿಸಬೇಕು.

ಗೂಡು ಮನೆಯಿಂದ ಎಷ್ಟು ದೂರವಿರಬೇಕೆಂದು ಅನೇಕರು ಕೇಳುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ಕೋಳಿ ಫಾರಂ ವಸತಿ ಪ್ರದೇಶದಿಂದ 500 ಮೀಟರ್, ನದಿ-ಕೆರೆಗಳಿಂದ 100 ಮೀಟರ್ ದೂರವಿರಬೇಕು. ಇದು 5,000ಕ್ಕಿಂತ ಹೆಚ್ಚು ಕೋಳಿಗಳಿರುವ ಫಾರಂಗಳಿಗೆ ಹೇಳಿದ ಮಾತು. ಹತ್ತಿಪ್ಪತ್ತು ಕೋಳಿಗಳ ಹಿತ್ತಲ ಗೂಡಿಗಲ್ಲ. ಹಾಗೆಂದು ಗೂಡನ್ನು ಎಲ್ಲಿ ಬೇಕಾದರೂ ಕಟ್ಟಬಹುದೆಂದು ಅರ್ಥವಲ್ಲ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಊರಿನ ನೈರ್ಮಲ್ಯದ ಹೊಣೆ ಗ್ರಾಮ ಪಂಚಾಯತಿಯದು. ದುರ್ವಾಸನೆಯ ದೂರು ಅಲ್ಲಿಗೇ ಹೋಗುತ್ತದೆ. ನಿಮ್ಮ ಊರು ಪಟ್ಟಣದ ಎಲ್ಲೆಗೆ ಸೇರಿದ್ದರೆ ಪುರಸಭೆ ಅಥವಾ ನಗರಸಭೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಇನ್ನು ಸ್ಥಳ ನೋಡುವ ಬಗೆ. ನಮ್ಮ ಭಾಗದಲ್ಲಿ ಮುಂಗಾರಿನಲ್ಲಿ ಪಡುವಣ ಗಾಳಿ, ಚಳಿಗಾಲದಲ್ಲಿ ಮೂಡಣ ಗಾಳಿ ಹೆಚ್ಚು. ಗೂಡು ನೆರೆಮನೆಯ ಪೂರ್ವಕ್ಕೋ ಪಶ್ಚಿಮಕ್ಕೋ ಇದ್ದರೆ ವರ್ಷದಲ್ಲಿ ಕೆಲವು ತಿಂಗಳು ವಾಸನೆ ನೇರವಾಗಿ ಅವರ ಮನೆಗೆ ನುಗ್ಗುತ್ತದೆ. ಉತ್ತರ ಅಥವಾ ದಕ್ಷಿಣಕ್ಕಿದ್ದರೆ ಈ ತೊಂದರೆ ಕಡಿಮೆ. ಗೂಡಿನ ಉದ್ದ ಪೂರ್ವ-ಪಶ್ಚಿಮವಾಗಿರಲಿ. ಕಿರಿದಾದ ಎರಡು ತುದಿಗಳನ್ನು ಮುಚ್ಚಿ, ಉದ್ದದ ಎರಡು ಬದಿಗಳಿಗೆ ತಂತಿ ಜಾಲರಿ ಹಾಕಿ. ಆಗ ಇರಚಲು ಮಳೆ ಮತ್ತು ಎಳೆ ಬಿಸಿಲು, ಇಳಿ ಬಿಸಿಲು ಒಳಗೆ ನುಗ್ಗುವುದಿಲ್ಲ. ಗಾಳಿ ಮಾತ್ರ ಆಡುತ್ತದೆ.

ನೆಲ ತುಸು ಎತ್ತರವಾಗಿದ್ದು ನೀರು ನಿಲ್ಲದಂತಿರಲಿ. ಆದರೆ ಗೂಡಿನ ಕಡೆಯಿಂದ ಬಾವಿಯತ್ತ ಇಳಿಜಾರು ಇರಬಾರದು. ಬಾವಿ, ಕೊಳವೆ ಬಾವಿಗಳಿಂದ 50 ಅಡಿಯಾದರೂ ದೂರ ಬಿಡಿ. ಒದ್ದೆಯಾದ ಹಿಕ್ಕೆಯೇ ನೊಣ ಮತ್ತು ವಾಸನೆಗೆ ಮೂಲ. ಅದನ್ನು ದಿನವೂ ಗುಡಿಸಿ ತಿಪ್ಪೆಗೆ ಹಾಕಿ ಮಣ್ಣು ಮುಚ್ಚಿದರೆ ಒಳ್ಳೆಯ ಗೊಬ್ಬರವಾಗುತ್ತದೆ.

ಕೆರೆಯ ಅಂಚು ಗೂಡಿಗೆ ತಕ್ಕ ಜಾಗವಲ್ಲ. ನೀರುಹಕ್ಕಿಗಳು ಹಕ್ಕಿಜ್ವರ ತರಬಲ್ಲವು. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯಲ್ಲೇ ಈ ರೋಗ ಕಾಣಿಸಿಕೊಂಡಿತ್ತು. ರೋಗ ದೃಢಪಟ್ಟರೆ ಸುತ್ತಲ 1 ಕಿ.ಮೀ. ಒಳಗಿನ ಹಿತ್ತಲ ಕೋಳಿಗಳನ್ನೂ ಕೊಲ್ಲಬೇಕಾಗುತ್ತದೆ. ಒಮ್ಮೆಗೇ ಹಲವು ಕೋಳಿ ಸತ್ತರೆ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಅವುಗಳನ್ನು ಕೆರೆಗಾಗಲಿ ರಸ್ತೆ ಬದಿಗಾಗಲಿ ಎಸೆಯಬೇಡಿ.

ದೇವನಹಳ್ಳಿಯ ಸುತ್ತಲಿನವರಿಗೆ ಇದು ಇನ್ನೂ ಮುಖ್ಯ. ವಿಮಾನ ನಿಲ್ದಾಣದ 10 ಕಿ.ಮೀ. ಒಳಗೆ ಹಕ್ಕಿಗಳನ್ನು ಸೆಳೆಯುವ ಕಸ, ಮಾಂಸದ ತ್ಯಾಜ್ಯ ಎಸೆಯುವುದು ನಿಷಿದ್ಧ. ಸಾಮಾನ್ಯವಾಗಿ ಸತ್ತ ಒಂದೆರಡು ಕೋಳಿಗಳನ್ನು ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಕೊನೆಯದಾಗಿ, ಗುದ್ದಲಿ ಹಾಕುವ ಮುನ್ನ ಪಕ್ಕದ ಮನೆಯವರನ್ನು ಕರೆದು ಜಾಗ ತೋರಿಸಿ. ಅವರು ಒಪ್ಪಿದ ಜಾಗದಲ್ಲಿ ಕಟ್ಟಿದ ಗೂಡು ಬಹುಕಾಲ ಬಾಳುತ್ತದೆ.