ಮೇವಿನ ಜೋಳಕ್ಕೆ ಕೂರಿಗೆ ಹೊಂದಿಸುವುದು



ಕಾಳಿನ ಮುಸುಕಿನ ಜೋಳಕ್ಕೆ ಸಾಲಿನಿಂದ ಸಾಲಿಗೆ 60 ಸೆಂ.ಮೀ. ಬೇಕು, ಮೇವಿನ ಆಫ್ರಿಕನ್ ಟಾಲ್ ತಳಿಗೆ 30 ಸಾಕು. ಬಾಡಿಗೆ ಟ್ರ್ಯಾಕ್ಟರ್ ಬಂದ ಕೂಡಲೇ ಬಿತ್ತಲು ಬಿಡಬೇಡಿ, ಟೇಪು ಹಿಡಿಯಿರಿ. ಕೂರಿಗೆಯ ಚೌಕಟ್ಟಿನ ನಡುಮಧ್ಯಕ್ಕೆ ಗುರುತು ಹಾಕಿ, ಅಲ್ಲಿಂದ ಎರಡೂ ಕಡೆಗೆ ಅಳೆದು ತಾಳುಗಳ ನಟ್ಟು ಬಿಗಿಯಿರಿ. ತಾಳು ಕಳಚಿದ ಕಡೆ ಬೀಜದ ಕಿಂಡಿಯನ್ನೂ ಮುಚ್ಚಿರಿ; ಇಲ್ಲವಾದರೆ ನವಿಲುಗಳಿಗೆ ಹಬ್ಬ!

ಇನ್ನು ಕೊಂಡಿಯ ವಿಷಯ. ಕೂರಿಗೆ ಟ್ರ್ಯಾಕ್ಟರಿನ ನಟ್ಟನಡುವೆ ನಿಲ್ಲುವಂತೆ ಎರಡು ಪಕ್ಕದ ಚೈನುಗಳನ್ನು ಸಮ ಮಾಡಿರಿ. ಒಂದು ಬದಿಗೆ ವಾಲಿದ್ದರೆ, ತಿರುಗಿ ಬರುವಾಗ ಹಿಂದಿನ ಕೊನೆಯ ಸಾಲಿಗೂ ಹೊಸ ಸಾಲಿಗೂ ನಡುವಿನ ಅಂತರ ಒಮ್ಮೆ ಕಿರಿದು, ಒಮ್ಮೆ ಅಗಲ. ಕಿರಿದಾದ ಕಡೆ ಎಡೆಕುಂಟೆ ಪೈರನ್ನೇ ಕೀಳುತ್ತದೆ, ಅಷ್ಟು ಮೇವು ಹೋಯಿತು, ಹಿಂಡಿಯ ಖರ್ಚು ಬಂತು. ಹತ್ತು ಮಾರು ಬಿತ್ತಿದ ಮೇಲೆ ನಿಲ್ಲಿಸಿ, ಮಣ್ಣು ಕೆದಕಿ ನೋಡಿರಿ. ಬೀಜ 4–5 ಸೆಂ.ಮೀ. ಆಳದಲ್ಲಿರಲಿ.